ಬಸಪ್ಪನ ಸೊನ್ನೆ

ಆಟ ಬಾರದವನಿಗೆ ಆಟದ ಬಗ್ಗೆ ಇರುವಷ್ಟು ಖಾತ್ರಿ ಆಡುವವನಿಗೆ ಇರುವುದಿಲ್ಲ. ನನ್ನನ್ನೇ ನೋಡಿ. ಚೆಂಡು ಎದುರಿಗೆ ಬಂದರೆ ಕನ್ನಡಕ ಹಿಡಿದುಕೊಂಡು ಕುಕ್ಕರಿಸುವ ಶಾಲಾ ಮಾಸ್ತರ ನಾನು. ಆದರೂ ಸವಣೂರಿನ ವಾಲಿಬಾಲ್ ತಂಡದಲ್ಲಿ ಯಾರು ಗಟ್ಟಿ, ಯಾರು ಪೊಳ್ಳು ಎಂದು ತೀರ್ಪು ಕೊಡುತ್ತಿದ್ದವನೂ ನಾನೇ. ಅದಕ್ಕೆ ಆಧಾರ ನನ್ನ ಪಟ್ಟಿ. ಮಹಾಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಹಳೆಯ ಪರೀಕ್ಷೆಯ ಹಾಳೆಗಳ ಖಾಲಿ ಬೆನ್ನುಗಳನ್ನೇ ಹೊಲಿದು ಪುಸ್ತಕ ಮಾಡಿದ್ದೆ. ಮಾಡಿದ್ದೆ ಎಂದರೆ, ಹೊಲಿದವಳು ನನ್ನ ಹೆಂಡತಿ ಗಿರಿಜವ್ವ. ನನ್ನ ಗೆರೆಗಳು ಎಮ್ಮೆ ನಡೆದ ಹಾದಿಯಂತೆ ಡೊಂಕಾಗುತ್ತಿದ್ದುದರಿಂದ ಗೆರೆ ಹೊಡೆಯುವ ಕೆಲಸವೂ ಅವಳದೇ.

ಕಾಗದ ಉಳಿಸಬೇಕೆಂದು ಒಬ್ಬೊಬ್ಬ ಆಟಗಾರನಿಗೆ ಪಟ್ಟಿಯಲ್ಲಿ ಒಂದೇ ಒಂದು ಚೌಕದ ಮನೆ ಇಟ್ಟಿದ್ದೆ. ಹೊಡೆದು ಪಾಯಿಂಟ್ ತಂದರೆ ಆ ಮನೆಯಲ್ಲಿ ಒಂದು ಗೀಟು. ಎತ್ತರದ ಶಂಕ್ರಪ್ಪನ ಮನೆಯಲ್ಲಿ ಗೀಟುಗಳಿಗೆ ಜಾಗ ಸಾಲುತ್ತಿರಲಿಲ್ಲ. ಎಲೆಬಳ್ಳಿಯ ತೋಟದಲ್ಲಿ ಕೆಲಸ ಮಾಡುವ ಗಿಡ್ಡ ಬಸಪ್ಪನ ಮನೆಯಲ್ಲಿ ಆಟದಿಂದ ಆಟಕ್ಕೆ ಸೊನ್ನೆ. ಅವನು ಎಂದೂ ಹೊಡೆಯುತ್ತಿರಲಿಲ್ಲ, ಹೊಡೆಯುವವರಿಗೆ ಚೆಂಡನ್ನು ಬಲೆಯ ಪಕ್ಕಕ್ಕೆ ಮೆತ್ತಗೆ ಎತ್ತಿಕೊಡುತ್ತಿದ್ದ, ಅಷ್ಟೆ. ಹಾನಗಲ್ಲಿನವರ ಮೇಲಿನ ಆಟಕ್ಕೆ ಮುಂಚೆ ನಾಯಕ ರಸೂಲಸಾಹೇಬರು ಪಟ್ಟಿ ನೋಡಿದರು.

"ಬಸಪ್ಪಂದು ಎಲ್ಲಾ ಸೊನ್ನೀನ ಐತಲ್ರಿ ಮಾಸ್ತರ?"

"ಲೆಕ್ಕ ಪಕ್ಕಾ ಐತ್ರಿ. ಬ್ಯಾರೆಯವರನ್ನ ಹಾಕ್ರಿ," ಎಂದೆ. ಗಂಟಲಲ್ಲಿ ಎಷ್ಟು ಗತ್ತಿತ್ತೆಂದರೆ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಸಪ್ಪ ಆ ದಿನ ಹೊರಗೆ ಕುಳಿತು ನಮಗೆಲ್ಲ ನೀರು ಕೊಟ್ಟ. ನಾವು ಹೀನಾಯವಾಗಿ ಸೋತೆವು. ಮನೆಗೆ ಬಂದು ಪುಸ್ತಕ ತೆರೆದರೆ ಶಂಕ್ರಪ್ಪನ ಹೆಸರಿನ ಮುಂದೆ ಎರಡೇ ಗೀಟು. ಹಿಂದಿನ ಹಾಳೆಗಳನ್ನು ತಿರುವಿದೆ. ಬಸಪ್ಪನ ಸೊನ್ನೆ ಇದ್ದ ಹಾಳೆಗಳಲ್ಲೆಲ್ಲ ಉಳಿದವರ ಮನೆಗಳು ತುಂಬಿದ್ದವು. ಅವನ ಸೊನ್ನೆ ಇಲ್ಲದ ಹಾಳೆ ಇದೊಂದೇ, ಇದರಲ್ಲೇ ಎಲ್ಲರ ಮನೆಗಳೂ ಹೆಚ್ಚುಕಡಿಮೆ ಖಾಲಿ. ಅಂಕಿಗಳು ತಮಗೆ ಗೊತ್ತಿದ್ದುದನ್ನೆಲ್ಲ ಹೇಳಿದ್ದವು, ಓದಿದವನು ಮಾತ್ರ ದಡ್ಡ.

ಮುಂದಿನ ವಾರ ಹಿರೇಕೆರೂರಿನಲ್ಲಿ ಆಟ. ಅವಮಾನವಾದ ಬಸಪ್ಪ ಬರದಿದ್ದರೆ ತಂಡದ ಕತೆ ಮುಗಿದಂತೆಯೇ. ಮರುದಿನ ತೋಟಕ್ಕೆ ಹೋಗಿ ಅವನೆದುರು ನಿಂತೆ. ಅವನು ಆಸರೆಗೆ ನೆಟ್ಟ ಚೊಗಚಿ ಗಿಡಕ್ಕೆ ಎಲೆಬಳ್ಳಿಯನ್ನು ಕಟ್ಟುತ್ತಿದ್ದ.

"ತಪ್ಪಾತಪ್ಪಾ ಬಸಪ್ಪ, ನನ್ನ ಪಟ್ಟಿಯಿಂದ ನಿನಗ ಅನ್ಯಾಯ ಆತು."

"ಬಿಡ್ರಿ ಮಾಸ್ತರ," ಎಂದು ನಕ್ಕ. "ಈ ಚೊಗಚಿ ಗಿಡದ್ದು ಒಂದು ಎಲೀನೂ ಪ್ಯಾಟ್ಯಾಗ ಹೋಗಂಗಿಲ್ಲ. ಹಂಗಂತ ಕಡದ್ರ ಬಳ್ಳಿ ಎಲ್ಲಿ ಹಬ್ಬಬೇಕ್ರಿ? ಬರ್ತೇನಿ, ಚಿಂತಿ ಮಾಡಬ್ಯಾಡ್ರಿ."

ಬೈಯಬೇಕಾದವನು ಒಂದು ಕಟ್ಟು ಎಳೆಯ ಎಲೆ ಕೈಯಲ್ಲಿಟ್ಟು ಕಳಿಸಿದ. ಹಿರೇಕೆರೂರಿಗೆ ಬಂದ, ಎತ್ತಿಕೊಟ್ಟ, ಗೆದ್ದೆವು. ಇಷ್ಟು ವರ್ಷವಾದರೂ ಎಲೆಗೆ ಸುಣ್ಣ ಹಚ್ಚುವಾಗೆಲ್ಲ ನಾನು ಮನಸ್ಸಿನಲ್ಲೇ ಅವನಿಗೆ ಕೈ ಮುಗಿಯುತ್ತೇನೆ. ಅಷ್ಟು ಹಗುರಾಗಿ ಕ್ಷಮಿಸುವವರು ನನ್ನ ಪಾಲಿಗೆ ಬಂದದ್ದು ದೊಡ್ಡ ಪುಣ್ಯ.

ಗೆದ್ದು ಬಂದ ಸಂಜೆ ಎಲೆ ಮೆಲ್ಲುತ್ತ ಗಿರಿಜವ್ವನಿಗೆ ಅಪ್ಪಣೆ ಕೊಟ್ಟೆ: "ಪಟ್ಟ್ಯಾಗ ಇನ್ನೊಂದು ಮನಿ ಹಾಕು. ಎತ್ತಿಕೊಟ್ಟವರ ಲೆಕ್ಕಾನೂ ಬರೀಬೇಕು. ಆಡಿದವರಷ್ಟ ಅಲ್ಲ, ಆಡಿಸಿದವರೂ ಕಾಣಬೇಕು."

ಅವಳು ಪಟ್ಟಿಯ ಮೇಲೆ ರೂಲುದೊಣ್ಣೆ ಇಟ್ಟು ಕೇಳಿದಳು: "ಖರೇ ಮಾತ್ರಿ. ಇಷ್ಟು ದಿನ ಹೊಲದು, ಗೆರಿ ಹೊಡದು ಕೊಟ್ಟೇನಿ. ನಂದು ಯಾವ ಮನ್ಯಾಗ ಐತ್ರಿ?"

ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದೆ. ನಾಚಿಕೊಂಡೇ, ಅವಳ ಹೆಸರಿಗೂ ಒಂದು ಮನೆ ಆಗಲಿ ಎಂದೆ. ಆ ಮನೆಯ ಗೆರೆಯನ್ನೂ ಅವಳೇ ಹೊಡೆದಳು.