ಎರಡು ಗದ್ದೆಯ ಬೇರು

ರವಿರಾಜನಿಗೆ ಆ ದಿನ ಬೇಕಿದ್ದದ್ದು ಎರಡು ಹಿಡಿ ಬೇರು. ಅದು ಮಂಜುಗಡ್ಡೆಯ ಮೇಲೆ ತಣ್ಣಗೆ ಕೂತು, ಮಧ್ಯಾಹ್ನದೊಳಗೆ ಬ್ರಹ್ಮಾವರದ ಪ್ರಯೋಗಾಲಯ ಮುಟ್ಟಬೇಕಿತ್ತು.

ಬಸ್ರೂರಿನ ಪಂಕಜಾಕ್ಷಮ್ಮನ ಎರಡು ಗದ್ದೆಗಳನ್ನು ಆ ಪ್ರಯೋಗಾಲಯದ ವಿಜ್ಞಾನಿ ಸಿಂಚನಾ ಮೇಡಂ ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಮೇಲಿನ ಗದ್ದೆಯ ಭತ್ತದ ಸಸಿಗಳನ್ನು ಉಪಕಾರಿ ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿ ನೆಟ್ಟಿದ್ದರು. ಕೆಳಗಿನದಕ್ಕೆ ಬರೀ ನೀರು. ಬ್ಯಾಕ್ಟೀರಿಯಾ ಬಂದು ಕೂತರೆ ಬೇರಿನೊಳಗೆ ಯಾವ ಜೀನ್ ಏಳುತ್ತದೆ, ಯಾವುದು ಮಲಗುತ್ತದೆ ಎಂದು ಎರಡನ್ನೂ ಹೋಲಿಸಿ ನೋಡುವುದು ಕೆಲಸ. ಬೇರು ಬಾಡಿದರೆ ಜೀನುಗಳು ಬಾಡಿದ ಗೋಳನ್ನಷ್ಟೇ ಹೇಳುತ್ತವೆ. ಪ್ರಯೋಗ ಸರಿಬಂದರೆ ಅಲ್ಲಿ ರವಿರಾಜನ ತಾತ್ಕಾಲಿಕ ನೌಕರಿ ಇನ್ನೊಂದು ವರ್ಷ ಉಳಿಯುತ್ತಿತ್ತು.

ಬೇರು ಕಿತ್ತು, ತೊಳೆದು, ಗದ್ದೆಗೊಂದರಂತೆ ಎರಡು ಚೀಲಕ್ಕೆ ಹಾಕಿ, ಥರ್ಮಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು, ಅವನು ಕೈ ತೊಳೆಯಲು ತೋಡಿಗೆ ಇಳಿದ. ಮೇಲೆ ಬರುವಾಗ ಪಂಕಜಾಕ್ಷಮ್ಮನ ನೆರೆಮನೆಯ ಕುಷ್ಟ ಪೆಟ್ಟಿಗೆ ಎತ್ತಿಕೊಂಡು, ಮುಚ್ಚಳ ಸರಿಸಿ ಇಣುಕುತ್ತಿದ್ದ.

“ಹ್ವಾಯ್, ಎಂತ ಮೀನ್ ಮರಾಯಾ?”

“ಮೀನಲ್ಲ ಕುಷ್ಟಣ್ಣ, ಬೇರ್. ಬೇಗ ಮುಚ್ಚಿ!”

“ಬೇರಿಗೆ ಐಸ್ ಎಂತಕೆ? ಜ್ವರವಾ?”

“ಅದ್ರೊಳ್ಗೆ ಬ್ಯಾಕ್ಟೀರಿಯಾ ಇತ್ತ್.”

ಕುಷ್ಟ ಪೆಟ್ಟಿಗೆಯನ್ನು ಕೆಂಡ ಮುಟ್ಟಿದವನಂತೆ ಕೈಬಿಟ್ಟ. ಬೇರಿನ ಚೀಲಗಳು ಹೇಗೋ ಪೆಟ್ಟಿಗೆಯಲ್ಲೇ ಉಳಿದವು. ಮಂಜುಗಡ್ಡೆಯೆಲ್ಲ ಕೆಸರಿಗೆ ಹೋಯಿತು.

ರವಿರಾಜ ಸ್ಕೂಟರ್ ಹತ್ತಿ ಕಡಲತೀರದ ಕೋಡಿ ಊರಿಗೆ ಓಡಿದ. ಅಲ್ಲಿ ಮೀನು ಮಾರುವ ಅಕ್ಕು ಐಸ್ ಕೊಡಲು ಒಪ್ಪಿದಳು. “ಎಂತ ಮೀನಿಗೆ?” ಎಂದು ಕೇಳಿದಾಗ ಅವನು ಈ ಸಲ ಜಾಣನಾಗಿ “ಬಂಗಡೆಗೆ” ಎಂದ.

ಅಕ್ಕು ಮುಚ್ಚಳ ತೆಗೆದಳು. ಒಳಗೆ ಹುಲ್ಲಿನಂಥ ಬೇರು ಕಂಡಳು. ಪೆಟ್ಟಿಗೆ ತುಂಬ ಐಸ್ ಸುರಿದು, ಮೇಲೆ ಎರಡು ಬಂಗಡೆ ಇಟ್ಟಳು. “ದುಡ್ಡ್ ಬ್ಯಾಡ ಮರಾಯ್ರೆ. ಮೀನ್ ಸಿಕ್ಕದಿದ್ರೆ ಮನಿಯವ್ರಿಗೆ ಹುಲ್ಲ್ ತಿನ್ಸ್ಬೇಡಿ.”

ಹನ್ನೆರಡಕ್ಕೆ ಐದು ನಿಮಿಷವಿರುವಾಗ, ಮೀನಿನ ವಾಸನೆಯೊಂದಿಗೆ ಅವನು ಪ್ರಯೋಗಾಲಯ ಸೇರಿದ. ಮೇಡಂ ಬಂಗಡೆಗಳನ್ನು ಪಕ್ಕಕ್ಕಿಟ್ಟು ಬೇರು ಪರೀಕ್ಷಿಸಿದರು.

“ತುಂಬಾ ಚೆನ್ನಾಗಿ ತಂದಿದ್ದೀರಿ ರವಿರಾಜ್. ನಿಮ್ಮ ನೌಕರಿ ವಿಷಯ ಇವತ್ತೇ ಬರೆದು ಕಳಿಸ್ತೇನೆ.”

ಒಂದು ವರ್ಷದಲ್ಲಿ ಅವನು ಕೇಳಿದ ಮೊದಲ ಹೊಗಳಿಕೆ ಅದು. ಅಷ್ಟರಲ್ಲಿ ಪಂಕಜಾಕ್ಷಮ್ಮನ ಫೋನು ಬಂತು.

“ರವಿರಾಜಾ, ಕೆಳ್ಗಿನ ಗದ್ದಿ ಸಸಿ ಕಂಡ್ರ್ಯಾ? ಹ್ಯಾಂಗ್ ಹಸ್ರ್ ಬಂತ್!”

“ಬಂತ್ ಅಮ್ಮ. ಅದಕ್ಕೆ ಎಂತ ಹಾಕ್ದ್ರಿ?”

“ನಾನೆಂತ ಹಾಕ್ಲಿಲ್ಲೆ. ನೆಟ್ಟಿ ದಿನ ಸಸಿ ಅದ್ದಿ ಉಳ್ದ ಮದ್ದಿನ್ ನೀರ್ ಮೇಲಿನ ಗದ್ದಿಗೇ ಚೆಲ್ಲಿ ಹೋದ್ರಲ್ದಾ? ನೀವ್ ಆಚಿ ಹೋದದ್ದೇ, ಗದ್ದಿ ಅಂಚ್ ಕಡ್ದ್ ಆ ನೀರ್ ಕೆಳ್ಗಿನ ಗದ್ದಿಗೆ ಬಿಟ್ಟೆ. ಎರಡೂ ನಮ್ದೇ ಗದ್ದಿ. ಒಂದಕ್ಕೆ ಕೊಟ್ಟ್, ಒಂದಕ್ಕೆ ಕೊಡ್ದೆ ಇಪ್ಪುಕೆ ಆತ್ತಾ?”

ರವಿರಾಜ ಫೋನು ಇಳಿಸಿದ. ಮೇಡಂ ಚೀಲಗಳಿಗೆ ಅಂಟಿಸಲು ಚೀಟಿ ಬರೆಯುತ್ತಿದ್ದರು: ಒಂದರಲ್ಲಿ ‘ಬ್ಯಾಕ್ಟೀರಿಯಾ ಇದೆ’, ಇನ್ನೊಂದರಲ್ಲಿ ‘ಇಲ್ಲ’.

“ಯಾರ ಫೋನು?”

“ಪಂಕಜಾಕ್ಷಮ್ಮ, ಮೇಡಂ,” ಎಂದ ರವಿರಾಜ. “ಎರಡು ಚೀಟಿ ಬೇಡವಂತೆ. ಒಂದೇ ಸಾಕಂತೆ.”