ಡಾಂಬರು ಬರುವವರೆಗೆ ಮಟ್ಟೆ

ಕೇಳದವರಿಗೂ ಸಲಹೆ ಕೊಡುವ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕೊಬ್ಬರಿ ದಲ್ಲಾಳಿತನ ಕಲಿಸಿದ್ದು. ಬರಿಗೈಯಲ್ಲಿ ತಿಪಟೂರಿನ ಮಾರುಕಟ್ಟೆಗೆ ಬಂದವನು ಬಿಳಿಗೆರೆಯ ಕಡೆ ಸ್ವಂತ ಮನೆ ಕಟ್ಟಿಸಿದ್ದು ಒಂದೇ ಸೂತ್ರದಿಂದ: ಮೊದಲು ಬೆಲೆ ಆಕಾಶಕ್ಕೆ ಹೇಳು, ಆಮೇಲೆ ಅಟ್ಟಕ್ಕೆ ಇಳಿ. ಎತ್ತಿನ ವ್ಯಾಪಾರಕ್ಕೂ ಮದುವೆ ಮಾತುಕತೆಗೂ ಇದು ನಡೆಯುತ್ತದೆ. ಕೆಸರಿನ ಮುಂದೆ ಮಾತ್ರ ನಡೆಯಲಿಲ್ಲ.

ಕೆಸರು ನಮ್ಮ ಓಣಿಯದು. ಮಳೆ ನಿಂತರೂ ಬೀದಿ ನಲ್ಲಿ ಸೋರುವುದು ನಿಲ್ಲದ ಕಾರಣ ಅದಕ್ಕೆ ಬೇಸಿಗೆಯೆಂಬುದೇ ಇರಲಿಲ್ಲ. ಒಂದು ದಿನ ನಮ್ಮ ಮನೆಯಾಕೆ ರಾಜಮ್ಮ ಅದರಲ್ಲಿ ಜಾರಿ, ತವರಿನ ತಾಮ್ರದ ಕೊಡ ನೆಗ್ಗಿಸಿಕೊಂಡು ಬಂದಳು. ಚುನಾವಣೆ ಹತ್ತಿರವಿತ್ತು. ನಾನು ಮೀಸೆ ತೀಡಿ, "ಯುಗಾದಿಯೊಳಗೆ ಡಾಂಬರು ಹಾಕಿಸ್ತೀನಿ. ಇಲ್ದಿದ್ರೆ ನೀರು ನಾನೇ ಹೊರ್ತೀನಿ ಕಣೇ" ಎಂದುಬಿಟ್ಟೆ. ಮಾರುಕಟ್ಟೆಯ ದಲ್ಲಾಳಿ ಹೆಗಲ ಮೇಲೆ ಕೊಡ ಹೊತ್ತು ಹೊರಟರೆ ಅವನ ಮಾತಿಗೆ ಆಮೇಲೆ ಯಾರು ಬೆಲೆ ಕೊಟ್ಟಾರು?

ಅದೇ ವಾರ ಪಕ್ಷದ ಚನ್ನಬಸವ ಬಂದ. "ಅಣ್ಣ, ಒಂದು ಘೋಷಣೆ ಹೇಳು. ಜನ ಓದಿದ ಜಾಗದಲ್ಲೇ ನಿಂತುಬಿಡಬೇಕು." ನಾನು ಸೂತ್ರದ ಪ್ರಕಾರ 'ಓಣಿ ಓಣಿಗೂ ಡಾಂಬರು' ಎಂದೆ. ನಮ್ಮ ಗೋಡೆಯ ಮೇಲೆಯೇ ಬರೆಸಿದ. ರಾಜಮ್ಮ ಓದಿ, "ಒಂದು ಗಾಡಿ ಗರಸು ಮಣ್ಣು ಕೇಳ್ರೀ, ಕೊಟ್ಟಾರು" ಎಂದಳು. "ಗರಸಿಗೆ ಯಾರು ಓಟು ಹಾಕ್ತಾರೆ?" ಎಂದೆ. ಅವಳು ತೆಂಗಿನಕಾಯಿ ಸುಲಿಸಿದಾಗಲೆಲ್ಲ ಒಂದೊಂದು ಮಂಕರಿ ನಾರಿನ ಮಟ್ಟೆಯನ್ನು ಓಣಿಯ ಕೆಸರಿಗೆ ಹಾಸುತ್ತ ಹೋದಳು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲಿ ಎಂದು ವರ್ಷ ಕಾಯುವ ಹೆಂಗಸಿಗೆ ಅವಸರವೆಲ್ಲಿಯದು? ಅಕ್ಕಪಕ್ಕದವರೂ ತಂದು ಹಾಸಿದರು. ನಾನು ಅವರಿಗೆ 'ಮಟ್ಟೆ ಪಕ್ಷ' ಎಂದು ಹೆಸರಿಟ್ಟು ನಕ್ಕೆ.

ಅಭ್ಯರ್ಥಿಯ ಜೀಪು ಬಂತು. ನನ್ನ ಘೋಷಣೆಯ ಕೆಳಗೆ ಸರಿಯಾಗಿ ಹೂತುಕೊಂಡಿತು. ಓದಿದ ಜಾಗದಲ್ಲೇ ನಿಂತದ್ದು ಅದೊಂದೇ. ಅಭ್ಯರ್ಥಿ ಪಂಚೆ ಎತ್ತಿಕೊಂಡು ಮಟ್ಟೆಯಿಂದ ಮಟ್ಟೆಗೆ ಕಾಲಿಡುತ್ತ ನಲ್ಲಿ ತಲುಪಿದರು. ನಾನು ಅವರ ಕಿವಿಯಲ್ಲಿ ಹೇಳಿಕೊಟ್ಟಿದ್ದನ್ನೇ ಗಟ್ಟಿಯಾಗಿ ಹೇಳಿದರು: "ತಾಯಂದಿರೇ, ನೋಡಿ, ನಮ್ಮ ಪಕ್ಷದ ಕೆಲಸ ಆಗಲೇ ಶುರುವಾಗಿದೆ."

ಎದುರು ಮನೆಯ ಮುದುಕಿ ಪುಟ್ಟಕ್ಕ ಕೊಡ ಕೆಳಗಿಟ್ಟಳು. "ಹೂಂ ಕಣಪ್ಪ, ಶುರುವಾಗೈತೆ. ರಾಜಮ್ಮನ ಹಿತ್ತಲಿಂದ ಶುರುವಾಗೈತೆ. ನಿಂದೂ ಒಂದು ಗಾಡಿ ಗರಸು ಬೀಳ್ಲಿ, ಓಟಿನ ಮಾತು ಆಮೇಕೆ ನೋಡಾನ ಬುಡು."

ಹೆಂಗಸರೆಲ್ಲ ನಕ್ಕರು. ಅಭ್ಯರ್ಥಿ ನನ್ನತ್ತ ನೋಡಿದರು. ನಾನು ಜೀಪಿನತ್ತ ನೋಡಿದೆ. ಕೊನೆಗೆ ಚಕ್ರದಡಿ ಅದೇ ಮಟ್ಟೆ ಕೊಟ್ಟು ಜೀಪು ಎತ್ತಿದ್ದಾಯಿತು. ಮಾರನೆಯ ದಿನವೇ ಗರಸು ಬಂದು ಬಿತ್ತು. ಮಟ್ಟೆಯ ಮೇಲೆ ಗರಸು ಕೂತು ಓಣಿ ಗಟ್ಟಿಯಾಯಿತು. ಡಾಂಬರು ಮಾತ್ರ ಗೋಡೆಯ ಮೇಲೆಯೇ ಉಳಿಯಿತು.

ಯುಗಾದಿ ಬಂತು. ಬೇವುಬೆಲ್ಲದ ಜೊತೆಗೆ ರಾಜಮ್ಮ ನೆಗ್ಗಿದ ಕೊಡವನ್ನೂ ಮುಂದಿಟ್ಟಳು. "ಓಣಿ ನೆಟ್ಟಗಾಯ್ತಲ್ಲೇ" ಎಂದೆ.

"ಡಾಂಬರು ಅಂದಿದ್ರಿ. ಇನ್ನು ಜೀವಮಾನವೆಲ್ಲಾ ನೀವೇ ಹೊರಬೇಕು."

ನನ್ನೊಳಗಿನ ದಲ್ಲಾಳಿ ಎದ್ದು ಕೂತ. ಎಳೆದಾಡಿದೆ, ಹುಸಿಕೋಪ ತೋರಿಸಿದೆ, ಎದ್ದು ಹೋಗುವ ಹಾಗೆ ಮಾಡಿ ಮತ್ತೆ ಕೂತೆ. ಜೀವಮಾನದಿಂದ ದಿನಕ್ಕೆ ಎರಡು ಕೊಡಕ್ಕೆ ಇಳಿಸಿ, ಗೆದ್ದ ಸಂತೋಷದಲ್ಲಿ ಕೊಡ ಹೊತ್ತು ಹೊರಟೆ. ನಲ್ಲಿಯ ಮುಂದೆ ಸರದಿಯಲ್ಲಿ ನಿಂತಾಗ ಹೊಳೆಯಿತು: ಆಕಾಶಕ್ಕೆ ಹೇಳಿ ಅಟ್ಟಕ್ಕೆ ಇಳಿದವಳು ಅವಳು.

ಆದರೂ ನಷ್ಟವೇನಿಲ್ಲ. ಮಾರುಕಟ್ಟೆಯಲ್ಲಿ ನನ್ನ ಸಲಹೆ ಕೇಳದೆ ಎದ್ದುಹೋಗುವವರಿದ್ದರು. ನಲ್ಲಿಯ ಮುಂದೆ, ಕೊಡ ತುಂಬುವವರೆಗೆ ಯಾರೂ ಅಲ್ಲಾಡುವ ಹಾಗಿಲ್ಲ.