ರೋಟರ್ ಮುಖ ತಿರುಗಿಸಿಕೊಂಡಾಗ

ಇನ್ನು ಮುಂದೆ ನಮ್ಮ ಕಾರಿನ ಬಾನೆಟ್ಟನ್ನು ನಾನಲ್ಲದೆ ಯಾವ ನರಮನುಷ್ಯನೂ ಎತ್ತಕೂಡದು! ಕಳೆದ ಶನಿವಾರ ಬೆಳಿಗ್ಗೆ ನಿಟ್ಟುವಳ್ಳಿಯ ನಮ್ಮ ಮನೆ ಮುಂದೆ ನಿಂತು ಹೀಗೆಂದು ಘೋಷಿಸಿದೆ. ಘೋಷಿಸಿದವನು ಸಾಮಾನ್ಯನಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ ಆಟೊಮೊಬೈಲ್ ಪಾಠ ಹೇಳಿದ ಕರಿಬಸವರಾಜ!

ನಮ್ಮ ಹಳೇ ಕಾರು ವಾರದಿಂದ ಬಿಕ್ಕಳಿಸುತ್ತಿತ್ತು. ಮರುದಿನ ಹರಿಹರದಲ್ಲಿ ನಾದಿನಿ ಪದ್ಮಶ್ರೀಯ ನಿಶ್ಚಿತಾರ್ಥ. ಹುಡುಗನಿಗೆ ಹಾಕುವ ಉಂಗುರ ನಮ್ಮ ಬಳಿಯೇ ಇತ್ತು.

"ಮೆಕ್ಯಾನಿಕ್‌ಗೆ ತೋರಿಸ್ರೀ. ನಾಳೆ ಎಡವಟ್ಟಾದ್ರೆ ಹೆಂಗೆ?" ಅಂದಳು ಹೆಂಡತಿ ದುರ್ಗಾ.

"ಲೇ, ಮೆಕ್ಯಾನಿಕ್‌ಗಳನ್ನ ತಯಾರು ಮಾಡಿದವನೇ ನಾನು!"

ನಾಲ್ಕು ಪ್ಲಗ್ಗುಗಳಿಗೂ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರೊಳಗೆ ತಿರುಗುತ್ತಾ 'ಈಗ ನಿನ್ನ ಪಾಳಿ' ಎಂದು ಕೈ ತೋರಿಸುವ ಪುಟ್ಟ ಯಜಮಾನ ರೋಟರ್. ಇಡೀ ಡಿಸ್ಟ್ರಿಬ್ಯೂಟರನ್ನೇ ಕಿತ್ತು ಒರೆಸಲು ಹೊರಟೆ. ಕೀಳುವ ಮೊದಲು ರೋಟರ್ ಎತ್ತ ಮುಖ ಮಾಡಿದೆ ಎಂದು ಗುರುತು ಹಾಕಿಕೊಳ್ಳಬೇಕು. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ!

ಆದರೆ ಎಳೆಬಿಸಿಲು ಹಿತವಾಗಿತ್ತು. ಹೊಂಗೆಯ ನೆರಳು ಬಾನೆಟ್ಟಿನ ಮೇಲೆ ಮೆಲ್ಲಗೆ ತೂಗುತ್ತಿತ್ತು. ಗುರುತು ಹಾಕುವುದನ್ನೇ ಮರೆತು ಡಿಸ್ಟ್ರಿಬ್ಯೂಟರ್ ಕಿತ್ತು ಕೈಯಲ್ಲಿ ಹಿಡಿದವನು ಹಾಗೇ ಹರಿಹರಕ್ಕೆ ತೇಲಿಬಿಟ್ಟೆ. ನಿಶ್ಚಿತಾರ್ಥ ಮುಗಿದಿದೆ. ತುಂಗಭದ್ರೆಯ ದಂಡೆಯಲ್ಲಿ ಕಾರು ಬೆಕ್ಕಿನಂತೆ ಗುರುಗುಟ್ಟುತ್ತಿದೆ. ಮಲ್ಲಿಗೆ ಮುಡಿದ ದುರ್ಗಾ "ನಿಮ್ಮಂಥೋರು ಯಾರದಾರ್ರೀ" ಅನ್ನುತ್ತಿದ್ದಾಳೆ...

"ರೀ, ಕಾಫಿ ಆರಿಹೋತು!"

ಬೆಚ್ಚಿ ನೋಡಿದರೆ ರೋಟರ್ ನನ್ನನ್ನೇ ದಿಟ್ಟಿಸುತ್ತಿತ್ತು. ಮೊದಲು ಎತ್ತ ನೋಡುತ್ತಿತ್ತೋ ದೇವರೇ ಬಲ್ಲ! ಅಂದಾಜಿನ ಮೇಲೆ ಕೂರಿಸಿದೆ. ಕಾರು ಕೆಮ್ಮಿತು, ಸೀನಿತು, ಕೊನೆಗೆ ಹೇಗೋ ಚಾಲೂ ಆಯಿತು. ನಾನು ಮೀಸೆ ತಿರುವಿದೆ.

ಭಾನುವಾರ ಹೊರಟೆವು. ಬಾತಿ ಗ್ರಾಮ ದಾಟಿದ ಮೇಲೆ ಭತ್ತದ ಗದ್ದೆಗಳು, ತೆಳ್ಳನೆಯ ಮಂಜು, ಅಲ್ಲಲ್ಲಿ ಬೆಳ್ಳಕ್ಕಿ. ನನ್ನ ಕಣ್ಣಿಗೆ ಮತ್ತೆ ಕನಸು ಹತ್ತಿತು. ಆಗ, ಢಂ! ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದವು. ಬಿಳಿ ರೆಕ್ಕೆಗಳು ಮಂಜಿನಲ್ಲಿ ಕರಗುವುದನ್ನು ನೋಡುತ್ತಾ "ಆಹಾ, ಎಷ್ಟು ಚೆಂದ!" ಎಂದೆ. ಇನ್ನೊಂದು ಢಂ! ಕಾರು ನಿಂತೇಹೋಯಿತು.

"ಏನ್ರೀ ಇದು?"

"ಮಿಸ್‌ಫೈರ್ ಕಣೆ."

ಮಿಸ್ಸು ಎಂಜಿನ್ನಿನದು, ಫೈರು ಮಿಸೆಸ್ಸಿನದು!

"ಹತ್ತೂವರೆಗೆ ಮುಹೂರ್ತ ಐತೆ. ಉಂಗುರ ನನ್ನ ಬ್ಯಾಗಿನಾಗೈತೆ. ತಂಗಿ ದಾರಿ ನೋಡ್ತಿರ್ತಾಳೆ, ನೀವಿಲ್ಲಿ ಹಕ್ಕಿ ನೋಡ್ತೀರೇನು?" ಅನ್ನುತ್ತಲೇ ಅವಳ ಕಣ್ಣು ತುಂಬಿತು. ನನ್ನ ಕನಸು ಜರ್ರನೆ ಇಳಿಯಿತು.

ಅವಳೇ ರಸ್ತೆಗಿಳಿದು ಒಂದು ಬೈಕಿಗೆ ಕೈ ಅಡ್ಡ ಹಾಕಿದಳು. ನಮ್ಮ ಪುಣ್ಯ, ಹರಿಹರದಲ್ಲಿ ಗ್ಯಾರೇಜು ಇಟ್ಟಿರುವ ನೌಮಾನ್ ಎಂಬಾತ! ಮೊದಲನೇ ಪ್ಲಗ್ಗು ಬಿಚ್ಚಿದ, ಎಂಜಿನ್ನನ್ನು ಕೈಯಿಂದ ತಿರುಗಿಸಿ ಅದರ ಮೇಲೇ ಕೊರೆದಿರುವ ಗುರುತಿಗೆ ತಂದ, ಡಿಸ್ಟ್ರಿಬ್ಯೂಟರ್ ಎತ್ತಿ ಸರಿಯಾಗಿ ಕೂರಿಸಿದ.

"ರೋಟರ್ ಗೇರಿನ ಒಂದು ಹಲ್ಲು ಆಚೆ ಕುಂತಿತ್ತು ಸಾರ್. ಯಾವ ಪುಣ್ಯಾತ್ಮ ಇದನ್ನ ಬಿಚ್ಚಿದ್ದು?"

ದುರ್ಗಾ ಆಕಾಶ ನೋಡಿದಳು. "ಯಾರೋ... ಪರಿಚಯದವರು. ವಾರದಿಂದ ಬಿಕ್ಕಳಿಸ್ತಿತ್ತು, ಅದಕ್ಕೇ ಬಿಚ್ಚಿದ್ರು," ಎಂದೆ.

"ಮೂರನೇ ಪ್ಲಗ್ಗಿನ ವೈರ್ ಸಡಿಲ ಇತ್ತು, ಬಿಕ್ಕಳಿಸ್ತಿದ್ದಿದ್ದು ಅದಕ್ಕೇ. ಒಂದ್ಸಾರಿ ಒತ್ತಿದ್ರೆ ಮುಗೀತಿತ್ತು!"

ಕಾರು ಸದ್ದಿಲ್ಲದೆ ಓಡಿತು. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಉಂಗುರ ಪದ್ಮಶ್ರೀಯ ಕೈ ಸೇರಿತು. ದುರ್ಗಾ ಬಿಡದೆ ನೌಮಾನನನ್ನೂ ಊಟಕ್ಕೆ ಕರೆತಂದಿದ್ದಳು. ನನ್ನ ಎದುರಿಗೆ ಕುಳಿತವನು ಹೋಳಿಗೆ ಮುರಿಯುತ್ತಾ ನನ್ನನ್ನೇ ನೋಡಿದ.

"ಸಾರ್, ನೀವು ಕರಿಬಸವರಾಜ ಸಾರ್ ಅಲ್ವಾ? ನಾನು ನಿಮ್ಮ ಸ್ಟೂಡೆಂಟು ಸಾರ್!"

ನನ್ನೆದೆ ಹೂವಿನಂತೆ ಅರಳಿತು. ಪಕ್ಕದಲ್ಲಿದ್ದ ಮಾವ ಕೆಂಚವೀರಪ್ಪನವರಿಗೆ ಕೇಳುವಂತೆ ಗಟ್ಟಿಯಾಗಿ, "ಇಗ್ನಿಶನ್ ಪೇಪರಿಗೆ ಎಷ್ಟು ಮಾರ್ಕ್ಸ್ ಕೊಟ್ಟಿದ್ದೆನಪ್ಪಾ?" ಎಂದೆ.

"ತೊಂಬತ್ತೆರಡು ಸಾರ್! ನೀವು ಹೇಳಿಕೊಟ್ಟಿದ್ದನ್ನ ಒಂದಕ್ಷರ ಬಿಡದಂಗೆ ಬರೆದಿದ್ದೆ."

"ನೋಡಿದ್ರಾ ಮಾವ! ಅದಕ್ಕೇ ಇಷ್ಟು ಚೆನ್ನಾಗಿ ರಿಪೇರಿ ಮಾಡ್ತಾನೆ!"

ನೌಮಾನ್ ಸಂಕೋಚದಿಂದ ತಲೆ ತಗ್ಗಿಸಿದ.

"ಹಂಗಲ್ಲ ಸಾರ್... ಗ್ಯಾರೇಜಿಗೆ ಸೇರಿದ ಮ್ಯಾಲೆ ಅದನ್ನ ಮರೆಯಾಕೆ ನನಗೆ ಎರಡು ವರ್ಷ ಹಿಡೀತು!"